ಪದಚರ್ಚೆ: ಮೆಮೊರಿ ಕಾರ್ಡಿನ ‘ವೇಗ’ಕ್ಕೆ ಒಂದೇ ಮಾತು ಸಾಕೆ?

ಮಾನ್ಯರೇ,

ಡಿಜಿಟಲ್ ಕ್ಯಾಮೆರಾಗಳಿಗೆ ಬೇಕಾದ ವೇಗದ ಮೆಮೊರಿ ಕಾರ್ಡುಗಳನ್ನು ಸುಲಭ ಬೆಲೆಗೆ ಹೇಗೆ ತಯಾರಿಸುತ್ತಾರೆಂದು ವಿವರಿಸುವ ಕಿರುಹೊತ್ತಿಗೆಯೊಂದನ್ನು ಶಿವಮೊಗ್ಗದ ನಾವು ಕೆಲವು ಹವ್ಯಾಸಿ ಛಾಯಾಗ್ರಾಹಕರು ಸೇರಿ ಬರೆಯುತ್ತಿದ್ದೇವೆ. ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ‘ಮೆಮೊರಿ ಕಾರ್ಡ್’ ಎಂಬುದನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ. ‘ಸ್ಮೃತಿಪತ್ರ’ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ. ಪೇಟೆಯ ಕೆಲವರು ಹೇಳುವ ‘ಚಿಪ್ಪು’ ಎಂಬ ಮಾತನ್ನು ಬಳಸಿದರೆ, ಕೊಂಡವನ ಕೈಗೆ ಚಿಪ್ಪು ಕೊಟ್ಟಂತೆ ಕೇಳಿಸುತ್ತದೆ. ತೊಡಕಾಗಿರುವುದು ‘ವೇಗ’ ಎಂಬ, ಎಲ್ಲರಿಗೂ ಗೊತ್ತಿರುವ ಪದ.

ಸಂದರ್ಭವನ್ನು ಹೇಳುತ್ತೇನೆ. ಮಳೆಗಾಲದಲ್ಲಿ ಮಂಡಗದ್ದೆಯ ಬಳಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿರುವಾಗ, ಸೆಕೆಂಡಿಗೆ 10 ಚಿತ್ರದಂತೆ 4 ಸೆಕೆಂಡು ಗುಂಡಿ ಒತ್ತಿ ಹಿಡಿದರೆ 40 ಚಿತ್ರಗಳಾಗುತ್ತವೆ. ಒಂದೊಂದು ರಾ ಚಿತ್ರ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲಚಿತ್ರ) 25 ಮೆಗಾಬೈಟ್ ಎಂದಿಟ್ಟುಕೊಂಡರೆ ಒಟ್ಟು 1000 ಮೆಗಾಬೈಟ್. ಕ್ಯಾಮೆರಾ ಅದನ್ನು ಮೊದಲು ತನ್ನ ಬಫರಿನಲ್ಲಿ, ಎಂದರೆ ತಾತ್ಕಾಲಿಕ ಮೆಮೊರಿಯಲ್ಲಿ, ತುಂಬಿಕೊಂಡು, ಅಲ್ಲಿಂದ ಕಾರ್ಡಿಗೆ ಇಳಿಸುತ್ತದೆ. ಕಾರ್ಡು ಸೆಕೆಂಡಿಗೆ 30 ಮೆಗಾಬೈಟ್ ಬರೆದರೆ ಅಷ್ಟನ್ನೂ ಇಳಿಸಲು ಸುಮಾರು 33 ಸೆಕೆಂಡು ಬೇಕು; 90 ಬರೆದರೆ ಸುಮಾರು 11 ಸಾಕು. ನಮ್ಮ ಗೆಳೆಯರೊಬ್ಬರು ‘95’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಕಾರ್ಡನ್ನು ನಂಬಿ ಕೊಂಡು ಹೋಗಿದ್ದರು. ತಾಯಿಹಕ್ಕಿ ಗುಟುಕು ಕೊಡುವ ಹೊತ್ತಿಗೆ ಸರಿಯಾಗಿ ಅವರ ಕ್ಯಾಮೆರಾ ನಿಂತುಹೋಯಿತು. ಆ 95 ಎಂಬುದು ಓದುವ ವೇಗ, ಎಂದರೆ ಕಾರ್ಡಿನಿಂದ ಚಿತ್ರಗಳನ್ನು ಹೊರತೆಗೆಯುವ ವೇಗ, ಅದರಲ್ಲೂ ಗರಿಷ್ಠದ್ದು. ಬರೆಯುವ ವೇಗ ಅದಕ್ಕಿಂತ ಬಹಳ ಕಡಿಮೆಯಿತ್ತು.

ಬಫರಿಗೆ ನಾನು ‘ತೊಟ್ಟಿ’ ಎಂದು ಬರೆದಿದ್ದೇನೆ. ಮಾಡಿನ ನೀರು ದಂಬೆಯಲ್ಲಿ ಬಂದು ತೊಟ್ಟಿ ತುಂಬುವುದನ್ನು ಕಂಡವರಿಗೆ, ತೂಬು ಸಣ್ಣದಾದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ವ್ಯತ್ಯಾಸವೆಂದರೆ ಕ್ಯಾಮೆರಾದ ತೊಟ್ಟಿ ಉಕ್ಕುವುದಿಲ್ಲ, ಮಳೆಯನ್ನೇ ತಡೆದುಬಿಡುತ್ತದೆ.

ಈ ಕಾರ್ಡುಗಳೊಳಗೆ ಚಿತ್ರಗಳನ್ನು ಹಿಡಿದಿಡುವ ‘ಫ್ಲ್ಯಾಶ್ ಮೆಮೊರಿ’ಗೆ ಕರಡಿನಲ್ಲಿ ‘ಮಿಂಚು ಸ್ಮೃತಿ’ ಎಂದಿತ್ತು, ನಾನು ಹೊಡೆದುಹಾಕಿದೆ. 1980ರ ದಶಕದಲ್ಲಿ ತೋಶಿಬಾ ಸಂಸ್ಥೆಯಲ್ಲಿ ಫುಜಿಯೊ ಮಸುವೊಕ ಅವರು ಈ ಬಗೆಯ ಮೆಮೊರಿಯನ್ನು ರೂಪಿಸಿದಾಗ, ಅದರಲ್ಲಿನ ಬರಹ ಒಮ್ಮೆಗೇ ಅಳಿಸಿಹೋಗುವ ಬಗೆಯು ಕ್ಯಾಮೆರಾದ ಫ್ಲ್ಯಾಶನ್ನು ನೆನಪಿಸುತ್ತದೆಂದು ಅವರ ಸಹೋದ್ಯೋಗಿ ಶೋಜಿ ಅರಿಯಿಜುಮಿ ಆ ಹೆಸರನ್ನು ಸೂಚಿಸಿದರು. ಅಂದರೆ ಹೆಸರು ಹುಟ್ಟಿದ್ದು ಅಳಿಸುವ ಕ್ರಿಯೆಯಿಂದ. ಮಿಂಚಿನ ವೇಗಕ್ಕೂ ಅದಕ್ಕೂ ನಂಟಿಲ್ಲ. ಈ ಮೆಮೊರಿಯಲ್ಲಿ ಬರೆಯುವುದು ಹಾಳೆ ಹಾಳೆಯಾಗಿ, ಅಳಿಸುವುದು ಮಾತ್ರ ಕಂತೆ ಕಂತೆಯಾಗಿ. ಆದ್ದರಿಂದ ‘ಪೇಜ್’ಗೆ ಹಾಳೆ, ‘ಬ್ಲಾಕ್’ಗೆ ಕಂತೆ ಎಂದಿಟ್ಟಿದ್ದೇನೆ. ಬ್ಲಾಕಿಗೆ ಅಡಿಕೆಯ ‘ಕೊನೆ’ (ಗೊನೆ) ಎನ್ನಬಹುದೆಂದು ಒಬ್ಬರು ಸೂಚಿಸಿದ್ದರು: ಒಂದು ಅಡಿಕೆ ಬೇಕೆಂದರೂ ಇಡೀ ಕೊನೆಯನ್ನೇ ಇಳಿಸಬೇಕಲ್ಲ! ಹೋಲಿಕೆ ಸೊಗಸಾಗಿದೆ; ಆದರೆ ‘ಕೊನೆಯನ್ನು ಅಳಿಸು’ ಎಂದು ಬಯಲುಸೀಮೆಯವರು ಓದಿದರೆ ಯಾವ ಕೊನೆ ಎಂದು ಕೇಳುತ್ತಾರೆ.

ಇನ್ನು ಬೆಲೆ. ‘ಅಗ್ಗ’ ಎಂದರೆ ಮಾಲಿನ ಗುಣವೂ ಅಗ್ಗವೆಂಬ ಧ್ವನಿ ಬರುತ್ತದೆ, ‘ಸೋವಿ’ಗೂ ಆ ಕಳಂಕ ತಪ್ಪಿಲ್ಲ. ಪುಸ್ತಕಗಳ ಮೇಲೆ ಅಚ್ಚಾಗುವ ‘ಸುಲಭ ಬೆಲೆ’ ನನಗೆ ಒಪ್ಪಿಗೆಯಾಯಿತು. ಕಾರ್ಡಿನ ಬೆಲೆ ಇಳಿಯುವುದಕ್ಕೆ ಒಂದು ಮುಖ್ಯ ಕಾರಣ, ಮೆಮೊರಿಯ ಒಂದೇ ಕೋಶದಲ್ಲಿ, ಎಂದರೆ ಅತಿ ಚಿಕ್ಕ ಗೂಡಿನಲ್ಲಿ, ಹೆಚ್ಚು ಬಿಟ್‌ಗಳನ್ನು (0 ಅಥವಾ 1 ಎಂಬ ಅಂಕಿಗಳನ್ನು) ಇಡುವುದು. ಕೋಶಕ್ಕೆ ಒಂದು ಬಿಟ್ ಇದ್ದರೆ ವಿದ್ಯುತ್ತಿನ ಎರಡು ಮಟ್ಟಗಳನ್ನು ಗುರುತಿಸಿದರೆ ಸಾಕು. ಮೂರು ಬಿಟ್ ಇದ್ದರೆ ಎಂಟು ಮಟ್ಟ, ನಾಲ್ಕಿದ್ದರೆ ಹದಿನಾರು. ಮಟ್ಟಗಳು ಒತ್ತೊತ್ತಾದಷ್ಟೂ ಬರೆಯುವ ಕೈ ನಿಧಾನವಾಗುತ್ತದೆ, ಕೋಶವೂ ಬೇಗ ಸವೆಯುತ್ತದೆ. ಸುಲಭ ಬೆಲೆಗೂ ವೇಗಕ್ಕೂ ಇರುವ ಈ ಜಗಳವನ್ನು ತೀರಿಸುವುದು ಕಾರ್ಡಿನೊಳಗಿನ ಕಂಟ್ರೋಲರ್. ಅಡಿಕೆ ಸುಲಿಯಲು ಮುಯ್ಯಾಳುಗಳು ಸೇರಿದಾಗ ಯಾವೊಬ್ಬರ ಕೈಯೂ ಹೆಚ್ಚು ಚುರುಕಾಗುವುದಿಲ್ಲ, ಆದರೂ ರಾಶಿ ಬೇಗ ಕರಗುತ್ತದೆ. ಹಾಗೆಯೇ ಕಂಟ್ರೋಲರ್ ಹಾಳೆಗಳನ್ನು ಹಲವು ಮೆಮೊರಿ ಬಿಲ್ಲೆಗಳಿಗೆ (ಚಿಪ್‌ಗಳಿಗೆ) ಹಂಚಿ ಏಕಕಾಲಕ್ಕೆ ಬರೆಸುತ್ತದೆ, ಕೆಟ್ಟ ಕಂತೆಗಳನ್ನು ಬದಿಗಿಡುತ್ತದೆ, ತಪ್ಪು ತಿದ್ದುತ್ತದೆ, ಒಂದೇ ಕಂತೆ ಸವೆಯದಂತೆ ಸರದಿ ನೋಡಿಕೊಳ್ಳುತ್ತದೆ. ಪಾರಿಭಾಷಿಕವಾಗಿ ‘ನಿಯಂತ್ರಕ’ ಸರಿಯಿರಬಹುದು. ಆದರೆ ವಿವರಣೆಯಲ್ಲಿ ನಾನು ‘ಮೇಸ್ತ್ರಿ’ ಎಂದೇ ಬರೆದಿದ್ದೇನೆ, ಏಕೆಂದರೆ ಅದು ಮಾಡುವುದು ಮೇಸ್ತ್ರಿಯ ಕೆಲಸವನ್ನೇ.

ಈ ಮೇಸ್ತ್ರಿಯ ಇನ್ನೊಂದು ಜಾಣತನದಿಂದಲೇ ನನ್ನ ಪ್ರಶ್ನೆ ಹುಟ್ಟಿದೆ. ಹಲವು ಕಾರ್ಡುಗಳಲ್ಲಿ ಅದು ಮೂರು ಬಿಟ್ ಹಿಡಿಯುವ ಕೆಲವು ಕೋಶಗಳಲ್ಲಿ ಸದ್ಯಕ್ಕೆ ಒಂದೇ ಬಿಟ್ ಬರೆದು, ಬಿಡುವಾದಾಗ ಒತ್ತಾಗಿ ಜೋಡಿಸಿಕೊಳ್ಳುತ್ತದೆ. ಆ ಜಾಗ ತುಂಬುವವರೆಗೆ ಬಿರುಸು, ತುಂಬಿದ ಮೇಲೆ ಕುಸಿತ. ಹೀಗಾಗಿ ಛಾಯಾಗ್ರಾಹಕನಿಗೆ ಬೇಕಾದದ್ದು ಆ ಕುಸಿತದಲ್ಲೂ ಉಳಿಯುವ ವೇಗ. ಎಸ್‌ಡಿ ಕಾರ್ಡಿನ ಮೇಲಿನ ವಿ30, ವಿ60, ವಿ90 ಗುರುತುಗಳು ಹೇಳುವುದು ಅದನ್ನೇ: ಸಾಲಾಗಿ ಬರೆಯುವಾಗ ಸೆಕೆಂಡಿಗೆ 30, 60, 90 ಮೆಗಾಬೈಟಿಗಿಂತ ಕೆಳಗೆ ಇಳಿಯುವುದಿಲ್ಲ ಎಂಬ ಭರವಸೆ.

ಈ ವೇಗಕ್ಕೆ ಏನೆನ್ನೋಣ? ‘ಕನಿಷ್ಠ ವೇಗ’ ಎಂದರೆ ಅರ್ಥ ಸರಿ, ಆದರೆ ಕೊಳ್ಳುವವನಿಗೆ ಕನಿಷ್ಠ ಎಂದೊಡನೆ ಕೀಳೆಂಬ ಭಾವ ಮೂಡುತ್ತದೆ. ‘ಸಮವೇಗ’ವನ್ನು ಭೌತಶಾಸ್ತ್ರದವರು ಬಿಟ್ಟುಕೊಡಲಾರರು, ನಮ್ಮಲ್ಲಿರುವ ವಿಜ್ಞಾನದ ಮೇಷ್ಟ್ರಂತೂ ಪಠ್ಯಪುಸ್ತಕದ ಪ್ರಕಾರ ಇಲ್ಲಿ ‘ಜವ’ವೇ ಸರಿ ಎನ್ನುತ್ತಾರೆ, ಆದರೆ ಅಂಗಡಿಯಲ್ಲಿ ಜವ ಎಂದರೆ ಜವರಾಯನ ನೆನಪಾದೀತು. ಜಡಿಮಳೆಯ ಮಾದರಿಯಲ್ಲಿ ‘ಜಡಿವೇಗ’ ಎಂಬುದನ್ನೂ ಯೋಚಿಸಿದೆ. ಜಡಿಯುವುದಕ್ಕೆ ಬಡಿಯುವ ಅರ್ಥವೂ ಇರುವುದರಿಂದ ಕೈಬಿಟ್ಟೆ. ಸದ್ಯಕ್ಕೆ ‘ಕುಗ್ಗದ ವೇಗ’ ಎಂದು ಬರೆದಿದ್ದೇನೆ, ಪೂರ್ಣ ಸಮಾಧಾನವಿಲ್ಲ.

ಅಡಿಕೆ ಸುಲಿಯುವ ಮನೆಗಳಲ್ಲಿ, ಮೊದಲ ಗಂಟೆಯಲ್ಲಿ ಬಿರುಸಾಗಿ ಸುಲಿದು ಆಮೇಲೆ ತೂಕಡಿಸುವವರಿಗಿಂತ, ರಾತ್ರಿ ಕಳೆಯುವವರೆಗೂ ಒಂದೇ ಸಮನೆ ಸುಲಿಯುವವರ ಕೈಯನ್ನು ಹೊಗಳುವ ಮಾತೊಂದು ಇದ್ದಿರಲೇಬೇಕೆಂದು ನನ್ನ ಊಹೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯವರು ಅಂಥ ಮಾತನ್ನು ಕೇಳಿದ್ದರೆ, ಅದನ್ನು ಬಳಸುವ ಒಂದು ವಾಕ್ಯದೊಂದಿಗೆ ದಯವಿಟ್ಟು ತಿಳಿಸಬೇಕು. ಕರಡು ಇನ್ನೂ ಅಚ್ಚಿಗೆ ಹೋಗಿಲ್ಲ.