ಮದರ್‌ಬೋರ್ಡ್ ಬದಲಾಯಿಸಿದ ಮೇಲೆ ಮೌಸ್ ಅಲುಗುತ್ತಿಲ್ಲ: ಅನುಭವವಿದ್ದವರು ದಯವಿಟ್ಟು ತಿಳಿಸಿ

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿಯಿದೆ. ಲಗ್ನಪತ್ರಿಕೆಗಳ ಹಳೆಯ ಫೈಲುಗಳೆಲ್ಲ ಪೇಜ್‌ಮೇಕರ್ ಮತ್ತು ನುಡಿ ಫಾಂಟುಗಳಲ್ಲಿ ಇರುವುದರಿಂದ ವಿಂಡೋಸ್ 7 ಅನ್ನು ಇನ್ನೂ ಬಿಡಲಾಗಿಲ್ಲ. ಕಳೆದ ವಾರ ಮದರ್‌ಬೋರ್ಡ್ ಸುಟ್ಟುಹೋಯಿತು. ರಿಪೇರಿಯವರು ಎಚ್110 ಚಿಪ್‌ಸೆಟ್ಟಿನ ಬೋರ್ಡು, ಅದಕ್ಕೆ ಹೊಂದುವ ಪ್ರೊಸೆಸರ್ ಮತ್ತು ರ‍್ಯಾಮ್ ಹಾಕಿ, ಹಳೆಯ ಹಾರ್ಡ್ ಡಿಸ್ಕನ್ನೇ ಜೋಡಿಸಿ ಕೊಟ್ಟರು. ಬಯಾಸ್ (ವಿಂಡೋಸ್‌ಗಿಂತ ಮೊದಲು ಓಡುವ, ಬೋರ್ಡಿನದೇ ತಂತ್ರಾಂಶ) ಪರದೆಯಲ್ಲಿ ಮೌಸ್, ಕೀಬೋರ್ಡ್ ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ವಿಂಡೋಸ್ ಲಾಂಛನ ಕಾಣಿಸಿದ ಕೂಡಲೇ ಮೌಸಿನ ಕೆಂಪು ಬೆಳಕು ಆರಿಹೋಗುತ್ತದೆ, ಪಾಸ್‌ವರ್ಡ್ ಕೇಳುವಲ್ಲಿ ಎರಡೂ ನಿಶ್ಚಲವಾಗಿರುತ್ತವೆ. ಮೂರು ಮೌಸ್‌ಗಳನ್ನು ಬದಲಾಯಿಸಿ ನೋಡಿದ್ದೇನೆ. ಬೋರ್ಡೇ ಕೆಟ್ಟಿದೆಯೇ, ಅಥವಾ ವಿಂಡೋಸನ್ನು ಹೊಸದಾಗಿ ಹಾಕಬೇಕೇ?

ರಿಪೇರಿ ಕೆಲಸದಲ್ಲಿರುವ ಒಬ್ಬರ ಉತ್ತರ:

ಬಯಾಸ್‌ನಲ್ಲಿ ಕೆಲಸ ಮಾಡುತ್ತದೆ ಎಂದು ನೀವು ಬರೆದಿರುವುದರಿಂದಲೇ ಅರ್ಧ ಉತ್ತರ ಸಿಕ್ಕಂತಾಯಿತು. ಮೌಸ್, ತಂತಿ, ರಂಧ್ರ ಮೂರೂ ಸರಿಯಿವೆ, ನಾಲ್ಕನೆಯ ಮೌಸ್ ಕೊಳ್ಳಬೇಡಿ. ಬಯಾಸ್ ತನ್ನದೇ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಬಳಸಿ ಯುಎಸ್‌ಬಿ ಸಾಧನಗಳನ್ನು ನಡೆಸುತ್ತದೆ. ಅಧಿಕಾರ ವಿಂಡೋಸ್ ಕೈಗೆ ಬಂದ ಮೇಲೆ ವಿಂಡೋಸ್ ಬಳಿ ತಕ್ಕ ಡ್ರೈವರ್ ಇರಲೇಬೇಕು. 2009ರಲ್ಲಿ ಬಂದ ವಿಂಡೋಸ್ 7ರಲ್ಲಿ ಯುಎಸ್‌ಬಿ 3.0ರ ಡ್ರೈವರ್ ಇಲ್ಲ. ಹಳೆಯ ಬೋರ್ಡುಗಳಲ್ಲಿ ಯುಎಸ್‌ಬಿ 2.0ರ ನಿಯಂತ್ರಕ (ರಂಧ್ರಗಳನ್ನು ನಡೆಸುವ ಭಾಗ) ಪ್ರತ್ಯೇಕವಾಗಿ ಇರುತ್ತಿದ್ದುದರಿಂದ ಈ ಕೊರತೆ ಯಾರಿಗೂ ಕಾಣುತ್ತಿರಲಿಲ್ಲ. 2015ರಲ್ಲಿ ಆರಂಭವಾದ ಇಂಟೆಲ್ 100 ಸರಣಿಯಲ್ಲಿ ಆ ಹಳೆಯ ನಿಯಂತ್ರಕವನ್ನು ಕೈಬಿಡಲಾಯಿತು. ನಿಮ್ಮ ಎಚ್110 ಅದೇ ಸರಣಿಯದು. ಆದ್ದರಿಂದ ಕಪ್ಪು ಬಣ್ಣದ 2.0 ರಂಧ್ರಕ್ಕೆ ಚುಚ್ಚಿದರೂ ಒಳಗಿನ ದಾರಿ ಹೊಸ ನಿಯಂತ್ರಕದ ಮೂಲಕವೇ ಹೋಗುತ್ತದೆ. ಇನ್ನು ಬೆಳಕು ಆರುವ ವಿಷಯ: ಯುಎಸ್‌ಬಿ ತಂತಿಯಲ್ಲಿ 3 ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ಯಾವ ಸಂಕೇತವೂ ಹರಿಯದಿದ್ದರೆ ಸಾಧನ ತಾನಾಗಿಯೇ ನಿದ್ರಾಸ್ಥಿತಿಗೆ ಹೋಗಬೇಕೆಂಬುದು ನಿಯಮ. ಅದು ಕೆಟ್ಟಿರುವುದರ ಗುರುತಲ್ಲ.

ಪರೀಕ್ಷಿಸಬೇಕೆನಿಸಿದರೆ ಲಿನಕ್ಸ್ ಹಾಕಿದ ಪೆನ್‌ಡ್ರೈವಿನಿಂದ ಕಂಪ್ಯೂಟರನ್ನು ಆರಂಭಿಸಿ ನೋಡಿ. ಅಲ್ಲಿ ಮೌಸ್ ಓಡಾಡಿದರೆ ಬೋರ್ಡಿನ ಮೇಲೆ ಅನುಮಾನ ಪಡುವ ಕಾರಣವೇ ಉಳಿಯುವುದಿಲ್ಲ.

ಬೇಕಾಗಿರುವುದು ಇಂಟೆಲ್ ಯುಎಸ್‌ಬಿ 3.0 ಡ್ರೈವರ್ ಒಂದೇ. ಆದರೆ ಅದನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿ ಎಂದು ಸಲಹೆ ಕೊಡುವವರು, ಮೌಸ್ ಓದದ ವಿಂಡೋಸ್ ಪೆನ್‌ಡ್ರೈವನ್ನೂ ಓದುವುದಿಲ್ಲ ಎಂಬುದನ್ನು ಮರೆತಿರುತ್ತಾರೆ. ನಾನೂ ಒಮ್ಮೆ ಒಂದು ಮಧ್ಯಾಹ್ನವನ್ನೆಲ್ಲ ಹಾಗೆ ಕಳೆದಿದ್ದೇನೆ. ಸಾಟಾ ಡಿವಿಡಿ ಡ್ರೈವ್ (ಯುಎಸ್‌ಬಿ ಮೂಲಕವಲ್ಲದೆ ಹಾರ್ಡ್ ಡಿಸ್ಕಿನಂತೆ ಬೋರ್ಡಿಗೇ ಜೋಡಿಸುವಂಥದು) ಇದ್ದರೆ ಬೋರ್ಡಿನ ಜೊತೆ ಬಂದ ಡಿವಿಡಿಯನ್ನು ಬಳಸಿ. ಅದಿಲ್ಲದಿದ್ದರೆ ಹಾರ್ಡ್ ಡಿಸ್ಕನ್ನು ಬಿಚ್ಚಿ ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಡ್ರೈವರ್ ಫೈಲುಗಳನ್ನು ಅದರೊಳಗೇ ನಕಲು ಮಾಡಿಕೊಂಡು ಮರಳಿ ಹಾಕಿ. ಬೋರ್ಡಿನ ಹಿಂಬದಿಯಲ್ಲಿ ಅರ್ಧ ನೇರಳೆ, ಅರ್ಧ ಹಸಿರು ಬಣ್ಣದ ದುಂಡನೆಯ ಪಿಎಸ್/2 ರಂಧ್ರ (ಯುಎಸ್‌ಬಿಗೆ ಮೊದಲಿನ ಕೀಬೋರ್ಡ್, ಮೌಸ್‌ಗಳಿಗೆ) ಇದ್ದರೆ ನಿಮ್ಮ ಪುಣ್ಯ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್ 7ರಲ್ಲೇ ಇರುವುದರಿಂದ ಹಳೆಯ ಪಿಎಸ್/2 ಕೀಬೋರ್ಡ್ ಒಂದಿದ್ದರೆ ಒಳಗೆ ಹೋಗಬಹುದು. ಕೆಲವು ತಯಾರಕರ ಬಯಾಸ್‌ಗಳಲ್ಲಿ 'ವಿಂಡೋಸ್ 7 ಇನ್‌ಸ್ಟಲೇಶನ್' ಎಂಬ ಆಯ್ಕೆಯೂ ಇರುತ್ತದೆ. ಮೊದಲು ಅದನ್ನು ಹುಡುಕಿ ನೋಡುವುದಕ್ಕೆ ಖರ್ಚೇನೂ ಇಲ್ಲ.

ಶಾಲೆಯ ಕಂಪ್ಯೂಟರ್ ಕೊಠಡಿ ನೋಡಿಕೊಳ್ಳುವ ಶಿಕ್ಷಕರೊಬ್ಬರ ಉತ್ತರ:

ಮೇಲಿನ ಮಾತಿಗೆ ಎರಡು ಎಚ್ಚರಿಕೆಗಳನ್ನು ಸೇರಿಸುತ್ತೇನೆ. ಪಿಎಸ್/2 ಸಾಧನವನ್ನು ಕಂಪ್ಯೂಟರ್ ಆರಿಸಿದ ಮೇಲೆಯೇ ಜೋಡಿಸಬೇಕು. ಚಾಲನೆಯಲ್ಲಿದ್ದಾಗ ಚುಚ್ಚಿದರೆ ಸಾಮಾನ್ಯವಾಗಿ ಗುರುತಿಸುವುದಿಲ್ಲ, ಬೋರ್ಡಿಗೆ ಹಾನಿಯಾಗುವ ಅಪಾಯವೂ ಉಂಟು. ಅಂಗಡಿಗಳಲ್ಲಿ ಸಿಗುವ ಹಸಿರು ಬಣ್ಣದ ಚಿಕ್ಕ ಅಡಾಪ್ಟರನ್ನು ನಂಬಿ ಹೊಸ ಯುಎಸ್‌ಬಿ ಮೌಸನ್ನು ಅಲ್ಲಿಗೆ ಸಿಕ್ಕಿಸಿದರೆ ಬಹುತೇಕ ನಡೆಯುವುದಿಲ್ಲ, ಏಕೆಂದರೆ ಎರಡೂ ಭಾಷೆ ಬಲ್ಲ ಮೌಸ್‌ಗಳಿಗೆ ಮಾತ್ರ ಆ ಅಡಾಪ್ಟರ್ ಉಪಯೋಗ. ಕೀಬೋರ್ಡ್ ಒಂದೇ ಸಿಕ್ಕಿದರೂ ಚಿಂತೆಯಿಲ್ಲ: ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್ ಮತ್ತು ನಮ್ ಲಾಕ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಬರುವ ಪ್ರಶ್ನೆಗೆ ಎಂಟರ್ ಕೊಟ್ಟರೆ, ಬಲಬದಿಯ ಅಂಕಿಗಳಿಂದಲೇ ಬಾಣವನ್ನು ಸರಿಸಬಹುದು. 5 ಒತ್ತಿದರೆ ಕ್ಲಿಕ್ ಆಗುತ್ತದೆ.

ಇನ್ನೊಬ್ಬರ ಉತ್ತರ:

ನನ್ನ ಕಥೆ ಬೇರೆಯದು, ಆದರೂ ಪೆಟ್ಟಿಗೆ ಬಿಚ್ಚುವವರಿಗೆ ಉಪಯೋಗವಾದೀತು. ಮನೆಯ ಹಳೆಯ ಕಂಪ್ಯೂಟರಿಗೆ ನಾನೇ ಬೋರ್ಡು ಬದಲಾಯಿಸಿದಾಗ ಮುಂಬದಿಯ ಯುಎಸ್‌ಬಿ ತಂತಿಯನ್ನು ಅದೇ ಆಕಾರದ ಫೈರ್‌ವೈರ್ (ಯುಎಸ್‌ಬಿಯಂಥ ಇನ್ನೊಂದು ಬಗೆಯ ಜೋಡಣೆ) ಪಿನ್ನುಗಳಿಗೆ ಜೋಡಿಸಿಬಿಟ್ಟಿದ್ದೆ. ಯುಎಸ್‌ಬಿಗೆ ಬೇಕಾದದ್ದು 5 ವೋಲ್ಟ್, ಅಲ್ಲಿ ಹರಿಯುವುದು 12 ವೋಲ್ಟ್. ಒಂದು ಮೌಸ್ ಸುಟ್ಟ ವಾಸನೆ ಬಂದರೂ ಮೌಸಿನದೇ ದೋಷವೆಂದು ತಿಳಿದು ಎರಡನೆಯದನ್ನೂ ಸುಟ್ಟೆ. ಎಚ್110 ಬೋರ್ಡಿನಲ್ಲಿ ಫೈರ್‌ವೈರ್ ಇರುವುದು ತೀರ ಅಪರೂಪವಾದರೂ, ಪಿನ್ನುಗಳ ಪಕ್ಕದಲ್ಲಿ ಮುದ್ರಿಸಿರುವ ಹೆಸರನ್ನು ಟಾರ್ಚ್ ಹಿಡಿದು ಓದಿ. ಒಂಬತ್ತು ಪಿನ್ನುಗಳಿದ್ದು ಒಂದು ಮೂಲೆ ಖಾಲಿ ಇರುವುದು ಯುಎಸ್‌ಬಿ 2.0ರ ಆಕಾರ, ಆದರೆ ಫೈರ್‌ವೈರ್‌ನದೂ ಅದೇ ಆಗಿರುವುದರಿಂದ ಹೆಸರನ್ನೇ ನಂಬಬೇಕು. ಬೋರ್ಡು ಬದಲಾಯಿಸಿದ ದಿನ ಮೌಸನ್ನು ಹಿಂಬದಿಯ ರಂಧ್ರಕ್ಕೆ ಮಾತ್ರ ಹಾಕಿ ಪರೀಕ್ಷಿಸುವುದು ನನ್ನ ಈಗಿನ ಅಭ್ಯಾಸ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಕೃತಜ್ಞತೆಗಳು. ಬಯಾಸ್‌ನಲ್ಲಿ ಹೇಳಿದ ಆಯ್ಕೆ ಸಿಗಲಿಲ್ಲ, ಆದರೆ ದುಂಡನೆಯ ರಂಧ್ರವಿತ್ತು. ಪಕ್ಕದ ಜೆರಾಕ್ಸ್ ಅಂಗಡಿಯ ಅಟ್ಟದಿಂದ ನೇರಳೆ ಪಿನ್ನಿನ ಕೀಬೋರ್ಡ್ ಇಳಿಸಿಕೊಂಡು ಬಂದು, ಆರಿಸಿ ಜೋಡಿಸಿದೆ. ಮೊದಲ ಸಲ ಕೀಬೋರ್ಡೂ ಸುಮ್ಮನಿತ್ತು. ಇನ್ನೊಮ್ಮೆ ಆರಂಭಿಸಿದಾಗ ಪಾಸ್‌ವರ್ಡ್ ತೆಗೆದುಕೊಂಡಿತು. ಡಿವಿಡಿಯಿಂದ ಡ್ರೈವರ್ ಹಾಕುವಾಗ ಅಂಕಿಗಳಿಂದ ಬಾಣ ಸರಿಸುವ ಉಪಾಯ ಬಹಳ ಒದಗಿತು. ಮರುಪ್ರಾರಂಭದ ನಂತರ ಮೂರೂ ಮೌಸ್‌ಗಳು ಓಡುತ್ತಿವೆ. ಮುಂಬದಿಯ ಎರಡು ರಂಧ್ರಗಳು ಮಾತ್ರ ಇನ್ನೂ ಸತ್ತಿವೆ, ಪೆಟ್ಟಿಗೆ ಬಿಚ್ಚಿದಾಗ ಅವುಗಳ ತಂತಿಯನ್ನು ಬೋರ್ಡಿಗೆ ಜೋಡಿಸಿಯೇ ಇರಲಿಲ್ಲ. ನಾಳೆ ಟಾರ್ಚ್ ಹಿಡಿದು ಕೂರುತ್ತೇನೆ.