ಜರ್ಮನಿಯ ಸಹೋದ್ಯೋಗಿಗೆ ಒಂದು ದೇವಸ್ಥಾನ ತೋರಿಸಬೇಕು: ಬೇಲೂರಾ, ಸೋಮನಾಥಪುರವಾ?

ಮಲ್ಲೇಶ್ವರದವಳು:
ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿಗೆ ಜರ್ಮನಿಯಿಂದ ಒಬ್ಬರು ಬಂದಿದ್ದಾರೆ. ಊರಿಗೆ ವಾಪಸ್ ಹೋಗುವ ಮುಂಚೆ ಒಂದು ದೇವಸ್ಥಾನ ನೋಡಬೇಕಂತೆ. ನಾನು ಸೋಮನಾಥಪುರ ಅಂದುಕೊಂಡಿದ್ದೆ. ಬೆಂಗಳೂರಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸ್ ಬರಬಹುದು, ಗಲಾಟೆಯೂ ಇರುವುದಿಲ್ಲ. ಆದರೆ ಅವರು ಕೇಳಿದ್ದು "ಜನ ಬಂದು ಪೂಜೆ ಮಾಡುವ ದೇವಸ್ಥಾನ". ಮನೆಯಲ್ಲಿ ಎಲ್ಲರೂ ಬೇಲೂರಿಗೆ ಕರ್ಕೊಂಡು ಹೋಗು ಅನ್ನುತ್ತಿದ್ದಾರೆ. ನನ್ನ ಭಯ ಏನಂದರೆ, ಪೂಜೆ ನಡೆಯುವ ಕಡೆ ಅವರನ್ನು ಒಳಗೆ ಬಿಡ್ತಾರಾ? ತೀರ್ಥ ಕೊಟ್ಟರೆ ತಗೊಳ್ಳಲೇಬೇಕಾ? ಅವರಿಗೆ ದೇವರು ದಿಂಡರಲ್ಲಿ ನಂಬಿಕೆ ಇಲ್ಲ, ಕೈ ಮುಗಿಯದೆ ಸುಮ್ನೆ ನಿಂತರೆ ಅರ್ಚಕರು ಏನಾದರೂ ಅಂದರೆ? ಅವರು ಆರಾಮಾಗಿದ್ದಾರೆ, ಟೆನ್ಷನ್ ಎಲ್ಲ ನನಗೇ.

ಹಾಸನದ ಹೈದ:
ಬೇಲೂರು. ಯೋಚನೆಯೇ ಬೇಡ.

ಅವರು ಏನು ಬೇಕು ಅಂತ ಬಾಯಿಬಿಟ್ಟು ಹೇಳಿದ್ದಾರೆ, ಸೋಮನಾಥಪುರದಲ್ಲಿ ಅದು ಸಿಗುವುದಿಲ್ಲ. ಅಲ್ಲಿ ಪೂಜೆ ನಿಂತು ಎಷ್ಟೋ ಕಾಲವಾಯಿತು. ಬೇಲೂರಲ್ಲಿ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನಿಗೆ ಇವತ್ತಿಗೂ ದಿನಾ ಪೂಜೆ ನಡೆಯುತ್ತದೆ. ಹೊರಗಡೆ ಟೂರಿಸ್ಟ್ ಬಸ್ಸು ನಿಂತಿರುತ್ತದೆ, ಒಳಗಡೆ ಊರಿನ ಯಾರೋ ಅಜ್ಜಿ ತುಳಸಿ ಹಾರ ಹಿಡಿದುಕೊಂಡು ಬಂದಿರುತ್ತಾರೆ. ಎರಡೂ ಒಂದೇ ಅಂಗಳದಲ್ಲಿ.

ಒಳಗೆ ಬಿಡುವ ವಿಷಯಕ್ಕೆ ತಲೆಕೆಡಿಸಿಕೊಳ್ಳಬೇಡಿ. ಬೇಲೂರಿಗೆ ಹೊರದೇಶದವರು ದಿನಾ ಬರುತ್ತಾರೆ, ಅರ್ಚಕರಿಗೆ ಅದು ಅಭ್ಯಾಸ. ನವರಂಗದ ತನಕ, ಅಂದರೆ ಗರ್ಭಗುಡಿ ಮುಂದಿನ ಕಂಬಗಳ ಮಂಟಪದ ತನಕ ಹೋಗಿ ಸಾಲಿನಲ್ಲಿ ನಿಂತುಕೊಂಡರೆ ಆಯಿತು. ಮಂಗಳಾರತಿ ಆದ ಮೇಲೆ ತಟ್ಟೆ ಹೊರಗೆ ಬರುತ್ತದೆ. ಬೇಕಾದವರು ದೀಪದ ಮೇಲೆ ಕೈ ಇಟ್ಟು ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ಬೇಡದವರು ಅರ್ಧ ಹೆಜ್ಜೆ ಹಿಂದೆ ನಿಲ್ಲುತ್ತಾರೆ. ಕೈ ಮುಗಿಯಲಿಲ್ಲ ಅಂತ ಯಾರನ್ನೂ ಬೈದದ್ದು ನಾನು ನೋಡಿಲ್ಲ. ಅರ್ಚಕರು ನೋಡುವುದು ಎರಡೇ, ನೀವು ದಾರಿಗೆ ಅಡ್ಡ ನಿಂತಿದ್ದೀರಾ, ಗರ್ಭಗುಡಿ ಕಡೆ ಮೊಬೈಲ್ ಎತ್ತಿದ್ದೀರಾ, ಅಷ್ಟೇ.

ತೀರ್ಥಕ್ಕೆ ಬಲಗೈ ಮೇಲಿರಬೇಕು, ಎಡಗೈ ಕೆಳಗೆ, ಅಂಗೈ ಸ್ವಲ್ಪ ಗುಳಿ ಮಾಡಬೇಕು. ಶಬ್ದ ಮಾಡದೆ ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಳ್ಳುವುದು. ಹೊಟ್ಟೆ ಕೆಡುತ್ತದೆ ಅನ್ನುವ ಭಯ ಇದ್ದರೆ ಕುಡಿಯದೆ ತಲೆಗೆ ಮಾತ್ರ ಸವರಿಕೊಳ್ಳಲಿ, ನಮ್ಮವರೇ ಎಷ್ಟೋ ಜನ ಹಾಗೆ ಮಾಡುತ್ತಾರೆ. ಒಂದು ಮಾತ್ರ ಮೊದಲೇ ಹೇಳಿರಿ. ವಿಷ್ಣು ದೇವಸ್ಥಾನ ಆದ್ದರಿಂದ ತಲೆಯ ಮೇಲೆ ಶಠಾರಿ ಇಡುತ್ತಾರೆ. ಗೊತ್ತಿಲ್ಲದವರು ಬೆಳ್ಳಿ ಬಟ್ಟಲು ತಲೆ ಮೇಲೆ ಬರುತ್ತಿದ್ದ ಹಾಗೇ ಬೆಚ್ಚಿ ಹಿಂದೆ ಸರಿಯುತ್ತಾರೆ. ಅದರ ಮೇಲೆ ದೇವರ ಪಾದ ಇದೆ, ತಲೆ ಸ್ವಲ್ಪ ಬಗ್ಗಿಸಿದರೆ ಸಾಕು ಅಂತ ಹೇಳಿ.

ಮಧ್ಯಾಹ್ನ ಊಟದ ಹೊತ್ತಿಗೆ ಗರ್ಭಗುಡಿ ಬಾಗಿಲು ಹಾಕುತ್ತಾರೆ. ಆ ಸಮಯಕ್ಕೆ ಸರಿಯಾಗಿ ತಲುಪಿದರೆ ಶಿಲ್ಪ ನೋಡಿಕೊಂಡು ಬರಬೇಕು ಅಷ್ಟೇ.

ಕಲ್ಲುಹುಚ್ಚ:
ಸೋಮನಾಥಪುರವನ್ನು ಇಷ್ಟು ಸುಲಭವಾಗಿ ತಳ್ಳಿಹಾಕಬೇಡಿ ಮಾರಾಯ್ರೆ. 1258ರ ಕೇಶವ ದೇವಾಲಯ, ಮೂರು ಗರ್ಭಗುಡಿ, ಒಂದೊಂದು ಛಾವಣಿಗೂ ಒಂದೊಂದು ವಿನ್ಯಾಸ, ಜಗಲಿಯ ಮೇಲೆ ಒಂದು ಸುತ್ತು ಬಂದರೆ ಕಣ್ಣಿನ ಮಟ್ಟಕ್ಕೇ ರಾಮಾಯಣ ಮಹಾಭಾರತ ಓದಿಕೊಂಡು ಹೋಗಬಹುದು. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಬೇಲೂರು ಹಳೇಬೀಡಿನ ಜೊತೆ ಇದೂ ಸೇರಿತು. ಆದರೆ ಒಪ್ಪುತ್ತೇನೆ, ಟಿಕೆಟ್ ತಗೊಂಡು ಒಳಗೆ ಹೋಗುವ ಸ್ಮಾರಕ ಅದು. ನಡುವಿನ ಗರ್ಭಗುಡಿಯ ಮೂಲ ಕೇಶವನೂ ಇಲ್ಲ. ಪೂಜೆ ನೋಡಬೇಕು ಅನ್ನುವವರಿಗೆ ಸಪ್ಪೆ ಅನ್ನಿಸಬಹುದು.

ಬೇಲೂರಿಗೇ ಹೋಗುವುದಾದರೆ ಗೈಡ್ ಮಾಡಿಕೊಳ್ಳಿ, ಒಳಗೆ ಕತ್ತಲು, ಬೆಳಕು ಬಿಟ್ಟು ತೋರಿಸಿದರೆ ಮಾತ್ರ ನವರಂಗದ ಕಂಬಗಳು ಕಾಣುತ್ತವೆ. ಗೈಡ್ ಶಿಲ್ಪಿ ಜಕಣಾಚಾರಿ ಕಥೆ ಹೇಳಿಯೇ ಹೇಳುತ್ತಾರೆ, ಕಪ್ಪೆ ಚೆನ್ನಿಗರಾಯನ ವಿಗ್ರಹದ ಹೊಟ್ಟೆಯಿಂದ ಕಪ್ಪೆ ಬಂದದ್ದು ಇತ್ಯಾದಿ. ಕಥೆ ಚೆನ್ನಾಗಿದೆ, ಕೇಳಿಸಿಕೊಳ್ಳಿ. ಅದು ಮುಗಿದ ಮೇಲೆ ಮದನಿಕೆಯರ (ಸೂರಿನ ಕೆಳಗಿರುವ ಸುಂದರಿಯರ ಶಿಲ್ಪಗಳು) ಕಾಲ ಕೆಳಗಿನ ಪೀಠ ತೋರಿಸಿ ಅಂತ ಕೇಳಿ. ಕೆಲವದರ ಮೇಲೆ ಕೆತ್ತಿದವರ ಹೆಸರು ಕನ್ನಡದಲ್ಲೇ ಇದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇವರೆಲ್ಲ ನಿಜವಾಗಿ ಇದ್ದವರು. ಒಂಬತ್ತು ನೂರು ವರ್ಷದ ಹಿಂದಿನ ಅಪ್ಪ ಮಗನ ಸಹಿ ನೋಡಿದರೆ ನಂಬಿಕೆ ಇಲ್ಲದವರೂ ಅಲ್ಲೇ ನಿಂತುಬಿಡುತ್ತಾರೆ. ನನಗಂತೂ ಕನ್ನಡಿ ಹಿಡಿದ ಮದನಿಕೆ ದರ್ಪಣ ಸುಂದರಿಗಿಂತ ಅದೇ ಇಷ್ಟ.

ಕಡಲತಡಿ:
ಬೇಲೂರು ಸರಿ. ಅಲ್ಲಿ ನಡೆಯಿತು ಅಂತ ಎಲ್ಲ ಕಡೆ ಹಾಗೇ ಅಂದುಕೊಳ್ಳಬೇಡಿ ಅಂತ ಹೇಳಲಿಕ್ಕೆ ಬಂದೆ. ಅವರು ಮುಂದೆ ಒಬ್ಬರೇ ಕೇರಳದ ಕಡೆ ಹೋಗುವ ಯೋಚನೆ ಇದ್ದರೆ ಮೊದಲೇ ತಿಳಿಸಿ. ತಿರುವನಂತಪುರದ ಪದ್ಮನಾಭಸ್ವಾಮಿ, ಗುರುವಾಯೂರು, ಈ ಎರಡು ಕಡೆ ಹಿಂದೂಗಳಿಗೆ ಮಾತ್ರ ಪ್ರವೇಶ. ಪುರಿ ಜಗನ್ನಾಥದಲ್ಲೂ ಅದೇ, 1984ರಲ್ಲಿ ಪ್ರಧಾನಿಯಾಗಿದ್ದ ಇಂದಿರಾ ಗಾಂಧಿಯವರನ್ನೇ ಬಿಟ್ಟಿರಲಿಲ್ಲ. ಇದು ಸರಿಯಾ ತಪ್ಪಾ ಅನ್ನುವ ಜಗಳ ಇಲ್ಲಿ ಬೇಡ, ಅಷ್ಟು ದೂರ ಹೋಗಿ ಬಾಗಿಲಲ್ಲಿ ನಿಲ್ಲುವುದು ಬೇಡ ಅಂತ ಅಷ್ಟೇ.

ನಮ್ಮ ಕಡೆ ಅಂದರೆ ಬಟ್ಟೆಯ ವಿಷಯ. ಧರ್ಮಸ್ಥಳದಲ್ಲಿ, ಉಡುಪಿ ಮಠದ ಒಳಗೆ ಗಂಡಸರು ಅಂಗಿ ಬನಿಯನ್ ತೆಗೆಯಬೇಕು. ಚಳಿದೇಶದವರಿಗೆ ಸೆಕೆಯಲ್ಲಿ ಅದೇನೂ ಕಷ್ಟ ಅಲ್ಲ ಬಿಡಿ. ಉಡುಪಿಯಲ್ಲಿ ನನಗೆ ಇಷ್ಟ ಆಗುವುದು ಬೇರೆ. ಯಾರೇ ಬಂದರೂ ಕೃಷ್ಣನನ್ನು ನೋಡುವುದು ಒಂಬತ್ತು ತೂತಿನ ಬೆಳ್ಳಿ ಕಿಂಡಿಯಿಂದಲೇ. ಹೊರಗೆ ಕನಕನ ಕಿಂಡಿ, ಅಲ್ಲಿ ನಿಂತು ಕನಕದಾಸರ ಕಥೆ ಹೇಳಿದರೆ ಯಾರನ್ನು ಒಳಗೆ ಬಿಡುತ್ತಿದ್ದರು, ಯಾರನ್ನು ಬಿಡುತ್ತಿರಲಿಲ್ಲ ಅನ್ನುವುದು ಬಂದವರಿಗೆ ತಾನಾಗಿ ಅರ್ಥವಾಗುತ್ತದೆ.

ಮಲ್ಲೇಶ್ವರದವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಬೇಲೂರೇ ಗಟ್ಟಿ. ಇನ್ನೆರಡು ಪ್ರಶ್ನೆ. ತಟ್ಟೆಗೆ ಎಷ್ಟು ದುಡ್ಡು ಹಾಕಬೇಕು? ಅವರು ಐನೂರರ ನೋಟು ತೆಗೆಯುತ್ತಾರೆ ಅಂತ ನನಗೆ ಗ್ಯಾರಂಟಿ. ಆಮೇಲೆ ಹಳೇಬೀಡು ಅದೇ ದಿನ ಆಗುತ್ತಾ?

ಹಾಸನದ ಹೈದ:
ಹತ್ತು, ಇಪ್ಪತ್ತು, ಮನಸ್ಸಿಗೆ ಬಂದದ್ದು. ಏನೂ ಹಾಕದೆ ಇದ್ದರೂ ನಡೆಯುತ್ತದೆ. ಚಿಲ್ಲರೆ ನೀವೇ ಕೊಟ್ಟಿರಿ. ದೊಡ್ಡ ಮೊತ್ತ ಕೊಡುವ ಮನಸ್ಸಿದ್ದರೆ ಹುಂಡಿ ಇದೆ. ಗೈಡ್ ಹತ್ತಿರ ಮಾತ್ರ ಶುರುವಿನಲ್ಲೇ ರೇಟು ಮಾತಾಡಿ.

ಹಳೇಬೀಡು ಬೇಲೂರಿಂದ 16 ಕಿಲೋಮೀಟರು, ಆರಾಮಾಗಿ ಆಗುತ್ತದೆ. ಆದರೆ ಬೆಂಗಳೂರಿಂದ ಬೇಲೂರಿಗೇ 220 ಕಿಲೋಮೀಟರು ಹತ್ತಿರ ಇದೆ, ಅದೇ ದಿನ ವಾಪಸ್ ಅಂದರೆ ಕಾರಲ್ಲೇ ದಿನ ಮುಗಿಯುತ್ತದೆ. ಹಿಂದಿನ ರಾತ್ರಿ ಹಾಸನದಲ್ಲಿ ಉಳಿದು ಬೆಳಿಗ್ಗೆ ಬೇಲೂರು ಮುಗಿಸಿ. ಹಳೇಬೀಡನ್ನು ಸಂಜೆಗೆ ಇಟ್ಟುಕೊಳ್ಳಿ, ಯಾಕೆಂದರೆ ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನ ಆ ಕಲ್ಲುಹಾಸು ಕಾದ ಹಂಚು. ಕಾಲುಚೀಲ ಹಾಕಿಕೊಂಡು ನಡೆಯಬಹುದು, ಹಳೆಯದೊಂದು ಜೊತೆ ತರಲು ಹೇಳಿ.

ಕಲ್ಲುಹುಚ್ಚ:
ಹಳೇಬೀಡಲ್ಲಿ ಎರಡು ನಂದಿ ನೋಡಿ ಹೊರಟುಬಿಡಬೇಡಿ. ಪಕ್ಕದ ಬಸ್ತಿಹಳ್ಳಿಯಲ್ಲಿ ಜೈನ ಬಸದಿಗಳಿವೆ, ಪಾರ್ಶ್ವನಾಥ ಬಸದಿಯ ಕಂಬಗಳಲ್ಲಿ ಮುಖ ಕಾಣುವಷ್ಟು ನುಣುಪು. ಅಲ್ಲಿಗೆ ಬಸ್ಸಿನವರು ಯಾರೂ ಬರುವುದಿಲ್ಲ. ಫೋಟೋ ಹಾಕಿ ಆಮೇಲೆ.