27 ಇಂಚು ತಂದೆ, ಅಕ್ಷರ ಒರಟಾಯ್ತು. ಪಿಕ್ಸೆಲ್‌ಗೆ ಅಳತೆ ಅಂತ ಇಲ್ವಾ?

ಗೋಳಿಬಜೆ_27: ಹೋದ ವಾರ ಹಂಪನಕಟ್ಟೆಯ ಒಂದು ಅಂಗಡಿಯಿಂದ 27 ಇಂಚಿನ ಮಾನಿಟರ್ ತಂದೆ. ಹಳೆಯದು 22. ಎರಡೂ ಫುಲ್ ಎಚ್‌ಡಿ, ಅಂದ್ರೆ ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080 ಪಿಕ್ಸೆಲ್. "ಎಲ್ಲ ಒಂದೇ ಸರ್, ದೊಡ್ಡದೇ ತಗೊಳ್ಳಿ" ಅಂದರು. ಈಗ ಕನ್ನಡ ಟೈಪ್ ಮಾಡಿದ್ರೆ ಒತ್ತಕ್ಷರದ ಅಂಚೆಲ್ಲ ಗರಗಸದ ಹಾಗೆ ಕಾಣುತ್ತದೆ. ಮೋಸ ಹೋದೆನಾ ಮಾರಾಯ್ರೆ?

ಕಡಲಕೊರೆತ: ಮೋಸ ಅಲ್ಲ, ಲೆಕ್ಕ. ಪಿಕ್ಸೆಲ್ ಅಂದ್ರೆ ಪರದೆಯ ಒಂದು ಚುಕ್ಕಿ, ಅದಕ್ಕೆ ಗೊತ್ತಾದ ಅಳತೆ ಇಲ್ಲ. ಪರದೆಯ ಅಗಲವನ್ನು 1920ರಿಂದ ಭಾಗಿಸಿ. 22 ಇಂಚಿನಲ್ಲಿ ಒಂದು ಪಿಕ್ಸೆಲ್ ಸುಮಾರು 0.25 ಮಿ.ಮೀ., 27ರಲ್ಲಿ 0.31. ಅಷ್ಟೇ ಅಡಿಕೆಯನ್ನು ದೊಡ್ಡ ಅಂಗಳದಲ್ಲಿ ಹರಡಿದ ಹಾಗೆ.

ಮಳೆಹನಿ_ಸುರತ್ಕಲ್: ಅಡಿಕೆ ಹರಡಿದ್ರೆ ನಡುವೆ ಜಾಗ ಬೀಳುತ್ತದೆ. ಇಲ್ಲಿ ಅಡಿಕೆಯೇ ದೊಡ್ಡದಾಗಿದೆ ಅಲ್ವಾ? ಕಂಪನಿಯವರು ಬೇಕಂತಲೇ ಮಾಡುವುದು. ಸಣ್ಣದನ್ನು ಜೋಡಿಸಲು ಕೂಲಿ ಜಾಸ್ತಿ.

ಕಡಲಕೊರೆತ: ಅಡಿಕೆ ವಿಷಯ ಒಪ್ಪಿದೆ. ಆದ್ರೆ ಜೋಡಿಸುವುದಾ?! 20 ಲಕ್ಷ ಪಿಕ್ಸೆಲ್, ಒಂದೊಂದಕ್ಕೂ ಕೆಂಪು, ಹಸಿರು, ನೀಲಿ ಅಂತ ಮೂರು ಮನೆ, ಒಟ್ಟು 62 ಲಕ್ಷ. ಕೂತು ಪೋಣಿಸಲು ಅದೇನು ಶಂಕರಪುರ ಮಲ್ಲಿಗೆಯಾ? ಎಲ್‌ಸಿಡಿಯಲ್ಲಿ ಅರ್ಧ ಮಿ.ಮೀ. ದಪ್ಪದ ಗಾಜಿನ ಮೇಲೆ ಸಿಲಿಕಾನ್, ಲೋಹದ ತೆಳು ಪದರ ಕೂರಿಸಿ, ಬೆಳಕಿಗೆ ಬದಲಾಗುವ ರಾಸಾಯನಿಕ ಬಳಿದು, ಮಾಸ್ಕ್ (ವಿನ್ಯಾಸ ಮೂಡಿಸಿದ ಅಚ್ಚು) ಮೂಲಕ ಅಲ್ಟ್ರಾವಯೊಲೆಟ್ ಬೆಳಕು ಬಿಟ್ಟು, ಬೇಡದ್ದನ್ನು ಕರಗಿಸಿ ತೆಗೆಯುತ್ತಾರೆ. ಹಿಂದೆ ಸ್ಟುಡಿಯೊದಲ್ಲಿ ಫೋಟೊ ತೊಳೆಯುತ್ತಿದ್ದರಲ್ಲ, ಹಾಗೆ. ಇದೇ ಕೆಲಸ ನಾಲ್ಕೈದು ಸಲ. ಆಗ ಮನೆಗೊಂದು ಟ್ರಾನ್ಸಿಸ್ಟರ್, ಅಂದ್ರೆ ಪುಟ್ಟ ಸ್ವಿಚ್, ಮೂಡುತ್ತದೆ. ಬಣ್ಣದ ಫಿಲ್ಟರ್ ಇನ್ನೊಂದು ಗಾಜಿನಲ್ಲಿ. ಎರಡರ ನಡುವಿನ ಮೂರ್ನಾಲ್ಕು ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು) ಸಂದಿಯಲ್ಲಿ ಲಿಕ್ವಿಡ್ ಕ್ರಿಸ್ಟಲ್, ಅಂದ್ರೆ ಬೆಳಕನ್ನು ಬಿಡುವ, ತಡೆಯುವ ದ್ರವ. ಪಿಕ್ಸೆಲ್ ಎಷ್ಟು ದೊಡ್ಡದು ಅಂತ ಮಾಸ್ಕ್ ಮಾಡುವಾಗಲೇ ತೀರ್ಮಾನ ಆಗಿರುತ್ತದೆ.

ಮಳೆಹನಿ_ಸುರತ್ಕಲ್: ಸರಿ, ಕೂಲಿ ಮಾತು ವಾಪಸ್. ಮತ್ತೆ ಸಣ್ಣ ಪಿಕ್ಸೆಲ್‌ನದ್ದು ದುಬಾರಿ ಯಾಕೆ? ಮಾಸ್ಕ್ ಬದಲಾಯಿಸಿದರೆ ಮುಗೀತಲ್ಲ.

ರಾತ್ರಿಪಾಳಿ_ಮಣಿಪಾಲ: ಮುಗಿಯುವುದಿಲ್ಲ. ಪಿಕ್ಸೆಲ್ ಸಣ್ಣದಾದಷ್ಟು ಅದರೊಳಗಿನ ತಂತಿ, ಟ್ರಾನ್ಸಿಸ್ಟರ್ ಸಣ್ಣದಾಗುವುದಿಲ್ಲ. ಬೆಳಕು ಹಾಯುವ ಕಿಂಡಿ ಕಿರಿದಾಗುತ್ತದೆ, ಹಿಂದಿನ ಲೈಟ್ ಜಾಸ್ತಿ ಬೇಕಾಗುತ್ತದೆ. ದೊಡ್ಡ ಪಿಕ್ಸೆಲ್‌ನಲ್ಲಿ ನಡೆದುಹೋಗುವ ಧೂಳಿನ ಕಣ ಇಲ್ಲಿ ಒಂದು ಮನೆಯನ್ನೇ ಕೊಲ್ಲುತ್ತದೆ. ಆದ್ರೆ ರೇಟಿಗೆ ಅದೊಂದೇ ಕಾರಣ ಅಲ್ಲ. 8.5ನೇ ಪೀಳಿಗೆಯ (ಗಾಜಿನ ಅಳತೆ ನೋಡಿ ಇಟ್ಟ ಹೆಸರು) ಕಾರ್ಖಾನೆಯಲ್ಲಿ ಒಂದು ಗಾಜು 2200×2500 ಮಿ.ಮೀ., ನಮ್ಮ ಮನೆ ಬಾಗಿಲಿಗಿಂತ ದೊಡ್ಡದು. ಅದರಲ್ಲಿ ಎಷ್ಟು ಪರದೆ ಕತ್ತರಿಸಲು ಬರುತ್ತದೆ ಅನ್ನುವುದೂ ಲೆಕ್ಕಕ್ಕುಂಟು.

ಕಾಪು_ದೀಪ: ಇಷ್ಟೆಲ್ಲ ಎಂತಕ್ಕೆ? ಒಂದು ಮೀಟರ್ ದೂರ ಕೂತರೆ 0.31 ಮಿ.ಮೀ. ಚುಕ್ಕಿ ಕಣ್ಣಿಗೆ ಬಿಡಿಬಿಡಿಯಾಗಿ ಕಾಣುವುದೇ ಕಷ್ಟ. ಸುಮ್ನೆ ಕುರ್ಚಿ ಹಿಂದೆ ತಳ್ಳಿ.

ಗೋಳಿಬಜೆ_27: ಹಿಂದೆ ಮಂಚ ಉಂಟು, ತಳ್ಳುವುದೆಲ್ಲಿಗೆ? ಮೊನ್ನೆ ಮಳೆಯಲ್ಲಿ ಮೊಬೈಲ್ ಮೇಲೆ ಹನಿ ಬಿದ್ದು, ಅದರೊಳಗೆ ಕೆಂಪು, ಹಸಿರು, ನೀಲಿ ಚುಕ್ಕಿ ಕಂಡಿದ್ದವು. ಸ್ಕ್ರೀನ್ ಹಾಳಾಯ್ತು ಅಂತ ಹೆದರಿ ಅಂಗಿಯಲ್ಲಿ ಒರೆಸಿದ್ದೆ!

ರಾತ್ರಿಪಾಳಿ_ಮಣಿಪಾಲ: ಹನಿ ಭೂತಗನ್ನಡಿಯ ಕೆಲಸ ಮಾಡಿದ್ದು. ಮಾನಿಟರ್ ಬದಲಾಯಿಸುವುದಾದರೆ 27ರಲ್ಲೇ 2560×1440 ಕೇಳಿ. ಪಿಕ್ಸೆಲ್ 0.23 ಮಿ.ಮೀ. ಬರುತ್ತದೆ, ನಿಮ್ಮ ಹಳೆಯದಕ್ಕಿಂತ ಸಣ್ಣದು.

ಗೋಳಿಬಜೆ_27: ಅಂಗಡಿಗೆ ಫೋನ್ ಮಾಡಿದೆ. ಮೇಲೆ ದುಡ್ಡು ಕೊಟ್ಟರೆ ಬದಲಾಯಿಸಿ ಕೊಡ್ತಾರಂತೆ. ನಾಳೆ ಮಳೆ ಬಿಟ್ಟರೆ ಡಬ್ಬಿ ಸಮೇತ ಹೋಗ್ತೇನೆ.